ಅಮ್ಮ ಕೂಗಿದ ಘೋಷಣೆ

ಒಂಬತ್ತನೇ ತರಗತಿಯ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. 'ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ' ಎಂಬ ಪ್ರಶ್ನೆ. ಕೊಟ್ಟ ಐದು ಪದಗಳಲ್ಲಿ 'ಘೋಷಣೆ'ಯೂ ಒಂದು. ನಮ್ಮದು ಮಲೆನಾಡು. ಮಳೆಗಾಲದಲ್ಲಿ ಆ ಪದ ಮಕ್ಕಳ ಕಿವಿಗೆ ಬೀಳುವುದು ಒಂದೇ ಕಡೆಯಿಂದ, ಹಾಗಾಗಿ ಮುಕ್ಕಾಲು ಪಾಲು ಪತ್ರಿಕೆಗಳಲ್ಲಿ 'ಜೋರು ಮಳೆಯಿಂದಾಗಿ ಶಾಲೆಗೆ ರಜೆ ಘೋಷಣೆ ಮಾಡಿದರು' ಎಂದೇ ಇತ್ತು. ಒಬ್ಬಿಬ್ಬರು 'ಚುನಾವಣೆಯ ಫಲಿತಾಂಶ ಘೋಷಣೆಯಾಯಿತು' ಎಂದಿದ್ದರು. ಕೈ ಓಡುತ್ತಾ ಇತ್ತು. ಆಗ ಹಿಂದಿನ ಬೆಂಚಿನಲ್ಲಿ ಕೂರುವ, ಕೇಳಿದರಷ್ಟೇ ಮಾತಾಡುವ ಒಬ್ಬ ಹುಡುಗಿಯ ಪತ್ರಿಕೆ ಬಂತು. ಅದರಲ್ಲಿ ಹೀಗೆ ಬರೆದಿತ್ತು: 'ನಮ್ಮ ಅಮ್ಮ ಕೂಗಿದ ಘೋಷಣೆಯನ್ನು ಸರ್ಕಾರ ಇನ್ನೂ ಮಾಡಿಲ್ಲ.'

ಯೋಚನೆ ಮಾಡುವ ಮೊದಲೇ ಕೆಂಪು ಪೆನ್ನು ಅಡ್ಡಗೆರೆ ಎಳೆದಾಗಿತ್ತು. ಮೇಲೆ 'ಬೇಡಿಕೆಯನ್ನು ಸರ್ಕಾರ ಇನ್ನೂ ಈಡೇರಿಸಿಲ್ಲ' ಎಂದು ತಿದ್ದಿ, ಅರ್ಧ ಅಂಕ ಕೊಟ್ಟು ಮುಂದೆ ಹೋದೆ. ಮಾರನೇ ದಿನ ಪತ್ರಿಕೆ ಹಂಚಿದ ಮೇಲೆ ಅವಳು ಮೇಜಿನ ಹತ್ತಿರ ಬಂದು ನಿಂತಳು. ಜಗಳಕ್ಕೆ ಬಂದವಳಲ್ಲ, ತಿಳಿದುಕೊಳ್ಳಲು ಬಂದವಳು. 'ಟೀಚರ್, ಘೋಷಣೆ ಅನ್ನೋ ಪದ ಬಳಸಿ ವಾಕ್ಯ ಮಾಡಿ ಅಂದಿದ್ರಿ. ನೀವು ತಿದ್ದಿದ ವಾಕ್ಯದಲ್ಲಿ ಆ ಪದಾನೇ ಇಲ್ವಲ್ಲ' ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. 'ಘೋಷಣೆ ಕೂಗುವುದು ಬೇರೆ, ಘೋಷಣೆ ಮಾಡುವುದು ಬೇರೆ ಕಣಮ್ಮ, ಎರಡು ಅರ್ಥ' ಎಂದೆ. 'ಒಂದೇ ಪದ ಅಲ್ವಾ ಟೀಚರ್?' ಎಂದಳು. ಹೌದು, ಒಂದೇ ಪದ. ಇಪ್ಪತ್ತೇಳು ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಆ ಒಂದು ಪದ ಎರಡಾಗಿ ಒಡೆದದ್ದು ಎಲ್ಲಿ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಂದಿನಿಂದ ಅದು ತಲೆಯಲ್ಲಿ ಕೊರೆಯುತ್ತಲೇ ಇದೆ.

ಮಾಡುವವರು ಮತ್ತು ಕೂಗುವವರು

ಸಂಸ್ಕೃತದ 'ಘುಷ್' ಎಂಬ ಧಾತುವಿನಿಂದ ಬಂದದ್ದು 'ಘೋಷ'. ಗಟ್ಟಿಯಾಗಿ ಸದ್ದು ಮಾಡುವುದು, ಸಾರುವುದು ಎಂದು ಅದರ ಅರ್ಥ. ಹಳಗನ್ನಡದವರು ಅದನ್ನು 'ಗೋಸಣೆ' ಎಂದು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದರು. ಇಂದು ಹಳ್ಳಿಯ ಮಕ್ಕಳು 'ಗೋಷಣೆ' ಎಂದಾಗ ಮಹಾಪ್ರಾಣ ತಿದ್ದುವ ನಾನು, ಅವರ ನಾಲಿಗೆ ಸಾವಿರ ವರ್ಷದ ಹಳೆಯ ದಾರಿಯಲ್ಲೇ ನಡೆಯುತ್ತಿದೆ ಎಂಬುದನ್ನು ಅವರಿಗೆ ಹೇಳಬೇಕಿತ್ತು. ಇರಲಿ. ಮೂಲದಲ್ಲಿ ಈ ಪದದ ಜೀವ ಇದ್ದದ್ದು ಸದ್ದಿನಲ್ಲಿ. ರಾಜನ ಅಪ್ಪಣೆಯೂ ಆಗ ಸದ್ದು ಮಾಡಿಕೊಂಡೇ ಬರಬೇಕಿತ್ತು. ತಳವಾರ ಊರ ನಡುವೆ ನಿಂತು ಡಂಗುರ ಸಾರಬೇಕು, ನಾಲ್ಕು ಬೀದಿಗೂ ಕೇಳುವ ಹಾಗೆ ಕೂಗಬೇಕು. ಆಗ ಘೋಷಣೆ ಮಾಡುವುದಕ್ಕೂ ಕೂಗುವುದಕ್ಕೂ ಭೇದವಿರಲಿಲ್ಲ. ಆಮೇಲೆ ಸರ್ಕಾರದ ಕೈಗೆ ಕಾಗದ ಬಂತು, ಮುದ್ರೆ ಬಂತು, ಗೆಜೆಟ್ ಬಂತು. ಅದು ಗಂಟಲು ಬಳಸುವುದನ್ನು ಬಿಟ್ಟು ಪದವನ್ನು ಮಾತ್ರ ಇಟ್ಟುಕೊಂಡಿತು. ಕಾಗದವಾಗಲಿ ಮುದ್ರೆಯಾಗಲಿ ಕೈಗೆ ಸಿಗದವರ ಪಾಲಿಗೆ ಹಳೆಯ ಸದ್ದೇ ಉಳಿಯಿತು.

ಈಗ ನಾವು ಎರಡನ್ನೂ ಗುರುತಿಸುವುದು ಕ್ರಿಯಾಪದದ ಬಲದಿಂದ. ಘೋಷಣೆ ಮಾಡಿದರು, ಹೊರಡಿಸಿದರು, ಘೋಷಣೆಯಾಯಿತು ಎಂದರೆ ಅಲ್ಲಿ ಕುರ್ಚಿ ಇದೆ. ಘೋಷಣೆ ಕೂಗಿದರು, ಹಾಕಿದರು, ಮೊಳಗಿಸಿದರು ಎಂದರೆ ಅಲ್ಲಿ ಬೀದಿ ಇದೆ. ಪತ್ರಿಕೆಯ ಒಂದೇ ಪುಟದಲ್ಲಿ 'ಪರಿಹಾರ ಘೋಷಣೆ' ಎಂದೊಂದು ಸುದ್ದಿ, ಅದರ ಕೆಳಗೇ 'ಪರಿಹಾರಕ್ಕೆ ಆಗ್ರಹಿಸಿ ಘೋಷಣೆ' ಎಂದು ಇನ್ನೊಂದು ಇದ್ದರೂ ಓದುಗರು ಯಾರೂ ಗೊಂದಲಕ್ಕೆ ಬೀಳುವುದಿಲ್ಲ. ಯಾರು ಮಾಡುವವರು, ಯಾರು ಕೂಗುವವರು ಎಂಬುದು ನಮಗೆ ಅಷ್ಟು ಚೆನ್ನಾಗಿ ರೂಢಿಯಾಗಿದೆ. ಒಂದು ಸಂದರ್ಭದಲ್ಲಿ ಮಾತ್ರ ಎರಡೂ ಅರ್ಥ ಒಂದರ ಮೇಲೊಂದು ಕೂರುತ್ತವೆ. ಸರ್ಕಾರದ ಮಾತು ಜಾರಿಗೆ ಬಾರದಾಗ 'ಅದು ಬರೀ ಘೋಷಣೆಯಾಗಿ ಉಳಿಯಿತು' ಎನ್ನುತ್ತೇವಲ್ಲ, ಅಲ್ಲಿ ಆ ಪದ ಯಾವುದು? ಪ್ರಕಟಣೆಯೋ, ಕೂಗೋ? ಕೆಲಸವಾಗಿ ಬದಲಾಗದ ಸರ್ಕಾರಿ ಘೋಷಣೆ ಮತ್ತೆ ಬರೀ ಸದ್ದಾಗಿಬಿಡುತ್ತದೆ ಎಂದು ನಮ್ಮ ಭಾಷೆಗೆ ಗೊತ್ತಿದೆ.

ಆ ಹುಡುಗಿಯ ತಾಯಿ ಅಂಗನವಾಡಿ ಕಾರ್ಯಕರ್ತೆ. ಅವರಿಗೆ ಸಿಗುವುದನ್ನು ಸಂಬಳ ಎನ್ನುವಂತಿಲ್ಲ, 'ಗೌರವಧನ' ಎನ್ನಬೇಕು. ತಿಂಗಳಿಡೀ ದುಡಿಸಿಕೊಂಡು ಕೊಡುವ ಹಣಕ್ಕೆ ಗೌರವದ ಹೆಸರಿಟ್ಟರೆ ಅದು ಕಡಿಮೆಯಾಯಿತೆಂದು ಕೇಳುವುದಕ್ಕೂ ಬಾಯಿ ಬರಬಾರದು, ಹಾಗಿದೆ ಆ ಪದ. ಆದರೂ ಅವರು ಕೇಳಿದ್ದಾರೆ. ರಾತ್ರಿ ರೈಲು ಹತ್ತಿ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ, ರಸ್ತೆಯ ಮೇಲೆ ಪ್ಲಾಸ್ಟಿಕ್ ಹಾಸಿ ಮಲಗಿ, ದಿನಗಟ್ಟಲೆ 'ಬೇಕೇ ಬೇಕು, ನ್ಯಾಯ ಬೇಕು' ಎಂದು ಕೂಗಿ ಬಂದಿದ್ದಾರೆ. ಹಿಂದಿರುಗಿದ ಮೇಲೆ ವಾರ ಅವರ ದನಿ ಬಿದ್ದು ಹೋಗಿತ್ತಂತೆ. ಮಗಳಿಗೆ ಸನ್ನೆಯಲ್ಲೇ ಕೆಲಸ ಹೇಳುತ್ತಿದ್ದರಂತೆ. ಈ ಮಗು ಬರೆದ ವಾಕ್ಯದ ಹಿಂದೆ ಅಷ್ಟಿತ್ತು.

ಫ್ರೀಡಂ ಪಾರ್ಕ್ ಎಂದಾಗಲೆಲ್ಲ ನನಗೆ ನೆನಪಾಗುವುದು ಅದರ ಹಿಂದಿನ ಹೆಸರು. ಅದು ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಯಾಯಿತು. ಒಂದು ಸಹಿಯಲ್ಲಿ, ಸದ್ದಿಲ್ಲದೆ. ಆಮೇಲೆ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟದ್ದು ಇದೇ ಜೈಲಿನಲ್ಲಿ. ಒಬ್ಬರು ಮಾಡಿದ ಘೋಷಣೆ ಉಳಿದವರು ಘೋಷಣೆ ಕೂಗದಂತೆ ಮಾಡಿದ ಜಾಗವದು. ಈಗ ರಾಜಧಾನಿಯಲ್ಲಿ ಧರಣಿ ಕೂರಬೇಕಾದವರೆಲ್ಲ ಹೋಗುವುದು ಅದೇ ಗೋಡೆಗಳ ಬಳಿಗೆ.

ನೆರೆಹೊರೆಯ ಪದಗಳು

ನಮ್ಮ ನೆರೆಯವರು ಇದಕ್ಕೆ ಏನೆನ್ನುತ್ತಾರೆ ಎಂದು ನೋಡುತ್ತಾ ಹೋದೆ. ಹಿಂದಿಯಲ್ಲಿ 'ಘೋಷಣಾ' ಎಂದರೆ ಪ್ರಕಟಿಸುವುದು ಮಾತ್ರ. ಬೀದಿಯಲ್ಲಿ ಕೂಗುವುದಕ್ಕೆ ಅರಬ್ಬಿ ಮೂಲದ 'ನಾರಾ' ಇದೆ. ತೆಲುಗರು 'ನಿನಾದಂ' ಎನ್ನುತ್ತಾರೆ. ನಮಗೆ ನಿನಾದ ಎಂದರೆ ವೀಣೆಯದೋ ಗಂಟೆಯದೋ ಇಂಪು, ಅವರಿಗೆ ಅದು ಮೆರವಣಿಗೆಯ ಕೂಗು. ಮಲಯಾಳದಲ್ಲಿ 'ಮುದ್ರಾವಾಕ್ಯಂ'. ಮುದ್ರೆ ಒತ್ತುವ ಅಧಿಕಾರವನ್ನು ಕೂಗುವವರ ಕೈಗೇ ಕೊಟ್ಟ ಹಾಗೆ ಕೇಳಿಸುತ್ತದೆ ನನಗೆ. ತಮಿಳಿನ 'ಮುಳಕ್ಕಂ' ನನಗೆ ಎಲ್ಲಕ್ಕಿಂತ ಹತ್ತಿರದ್ದು. ಗುಡುಗಿನ, ನಗಾರಿಯ ಸದ್ದಿಗೆ ಹೇಳುವ ಪದವದು, ನಮ್ಮ 'ಮೊಳಗು' ಎಂಬುದರ ಒಡಹುಟ್ಟು. ನಾವು 'ಘೋಷಣೆ ಮೊಳಗಿತು' ಎಂದು ಬರೆಯುವಾಗ ಸಂಸ್ಕೃತದ ಪದದ ಬೆನ್ನಿಗೆ ನಮ್ಮದೇ ಹಳೆಯ ಪದವೊಂದು ನಿಂತಿರುತ್ತದೆ. ಇಂಗ್ಲಿಷಿನ 'ಸ್ಲೋಗನ್' ಕೂಡ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಿಂದ ಬಂದದ್ದು. 'ಸ್ಲುವಾ' ಎಂದರೆ ದಂಡು, 'ಗೈರಂ' ಎಂದರೆ ಕೂಗು. ದಂಡಿನ ಕೂಗು. ಈಗ ಅದು ಸೋಪು, ಬಿಸ್ಕತ್ತಿನ ಜಾಹೀರಾತಿಗೂ ಸಲ್ಲುತ್ತದೆ.

ಮರಾಠಿ ಮಾತ್ರ ನಮ್ಮ ಹಾಗೆಯೇ. ಅಲ್ಲಿ 'ಘೋಷಣಾ ಕರಣೆ' ಎಂದರೆ ಪ್ರಕಟಿಸುವುದು, 'ಘೋಷಣಾ ದೇಣೆ' ಎಂದರೆ ಕೂಗುವುದು. ಒಂದೇ ಪದ, ಎರಡು ಕ್ರಿಯಾಪದ. ಬೆಳಗಾವಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಹೇಳಿದಾಗ ಸ್ಟಾಫ್ ರೂಮಿನಲ್ಲಿ ನಾನು ಚಹಾ ಲೋಟ ಹಿಡಿದು ಹಾಗೇ ಕೂತುಬಿಟ್ಟೆ. ಕೂಗುವುದನ್ನು 'ಕೊಡುವುದು' ಎನ್ನುತ್ತಾರಲ್ಲ ಅವರು! ಸರ್ಕಾರಕ್ಕೆ ಕೊಟ್ಟು ಬರುವ ಹಾಗೆ.

ಕನ್ನಡದಲ್ಲಿ 'ಘೋಷವಾಕ್ಯ' ಎಂಬುದೂ ಇದೆ. ಅದನ್ನು ಯಾರೂ ಕೂಗುವುದಿಲ್ಲ, ಬ್ಯಾನರಿನ ಮೇಲೆ ಬರೆಸುತ್ತಾರೆ. ಪರಿಸರ ದಿನಕ್ಕೊಂದು, ಸಾಕ್ಷರತಾ ದಿನಕ್ಕೊಂದು. ಸಂಸ್ಥೆಗಳಿಗಾದರೆ 'ಧ್ಯೇಯವಾಕ್ಯ', ಬಹುಪಾಲು ಸಂಸ್ಕೃತದಲ್ಲಿ. ಇವೆರಡರ ನಡುವೆ ನಮ್ಮ ಆಸ್ಪತ್ರೆ, ಶಾಲೆಗಳ ಗೋಡೆಬರಹಗಳಿದ್ದವು. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಕುಟುಂಬ ಯೋಜನೆಯ ಬರಹ ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ಎಷ್ಟು ಮುದ್ದಾದ ಪ್ರಾಸ. ಆದರೆ ಕೀರ್ತಿ ಮಗನಿಗೇ ಯಾಕೆ, ಮಗಳು ಆರತಿ ಹಿಡಿದೇ ಯಾಕೆ ನಿಲ್ಲಬೇಕು ಎಂದು ಆ ಗೋಡೆಯ ಮುಂದೆ ಸಾಲಿನಲ್ಲಿ ನಿಂತ ನಮಗೆ ಆಗ ತೋಚಲಿಲ್ಲ. ಪ್ರಾಸ ಸೊಗಸಾಗಿದ್ದರೆ ಮಾತು ಹಾಗೇ ಒಳಗಿಳಿದುಬಿಡುತ್ತದೆ. ಈ ಸಂಗತಿಗೆ ಆಮೇಲೆ ಮತ್ತೆ ಬರುತ್ತೇನೆ.

ಒಬ್ಬರು 'ಗೆ' ಎಂದರೆ

ನಾನು ಮೊದಲ ಸಲ ಘೋಷಣೆ ಕೂಗಿದ್ದು ಆಗಸ್ಟ್ ಹದಿನೈದರ ಪ್ರಭಾತ್ ಫೇರಿಯಲ್ಲಿ. ಎರಡನೇ ತರಗತಿ ಇರಬೇಕು. ಬೆಳಿಗ್ಗೆ ಏಳಕ್ಕೆ, ಜಿಟಿಜಿಟಿ ಮಳೆಯಲ್ಲಿ, ಕೆಲವರು ಕೊಡೆ ಹಿಡಿದು, ಕೆಲವರು ಕಂಬಳಿ ಕೊಪ್ಪೆ ಹೊದ್ದು, ಎರಡು ಸಾಲಾಗಿ ಊರು ಸುತ್ತುವುದು. ಮುಂದೆ ಏಳನೇ ತರಗತಿಯ ಹುಡುಗನೊಬ್ಬ, ಊರಿನಲ್ಲೇ ಗಟ್ಟಿ ಗಂಟಲಿನವನು. ಅವನು 'ಭಾರತ ಮಾತೆಗೆ' ಎನ್ನುತ್ತಿದ್ದ, ನಾವು 'ಜಯವಾಗಲಿ' ಎನ್ನಬೇಕು. ಸಾಲು ಉದ್ದ, ಚಿಕ್ಕವರು ಕೊನೆಯಲ್ಲಿ. ಮಳೆಯ ಸದ್ದಿನಲ್ಲಿ, ಕೊಡೆಗಳ ಆಚೆಯಿಂದ, ನಮಗೆ ಕೇಳಿಸುತ್ತಿದ್ದದ್ದು ಹೆಸರಿನ ಕೊನೆಯ ಅಕ್ಷರವಷ್ಟೇ. '...ಗೆ'. ಅದು ಕೇಳಿಸಿದ ತಕ್ಷಣ ಬಾಯಿ ದೊಡ್ಡದು ಮಾಡಿ 'ಜಯವಾಗಲಿ'. ಯಾರಿಗೆ ಜಯ ಎಂದು ನಮಗೆ ಗೊತ್ತಿರಲಿಲ್ಲ. ಆದರೆ ಆ ಇಡೀ ಸಾಲು ಒಂದೇ ಉಸಿರಿನಲ್ಲಿ ಕೂಗುವಾಗ ಮೈ ಬೆಚ್ಚಗಾದದ್ದು ಇಂದಿಗೂ ನೆನಪಿದೆ. ನನ್ನ ಪುಟ್ಟ ದನಿ ಎಲ್ಲರ ದನಿಯ ಜತೆ ಸೇರಿ ದೊಡ್ಡದಾಗಿ ನನ್ನ ಕಿವಿಗೇ ವಾಪಸು ಬರುತ್ತಿತ್ತು.

ವ್ಯಾಕರಣ ಪಾಠ ಮಾಡುವಾಗ ಚತುರ್ಥಿ ವಿಭಕ್ತಿಗೆ ನಾನು ಕೊಡುವ ಉದಾಹರಣೆ ಅಲ್ಲಿಂದಲೇ ಬಂದದ್ದು. ಭಾರತ ಮಾತೆಗೆ ಜಯವಾಗಲಿ, ಕನ್ನಡಾಂಬೆಗೆ ಜಯವಾಗಲಿ, ಸರ್ಕಾರಕ್ಕೆ ಧಿಕ್ಕಾರ. ಹೊಗಳುವುದಕ್ಕೂ ತೆಗಳುವುದಕ್ಕೂ ಕನ್ನಡದಲ್ಲಿ ಪ್ರತ್ಯಯ ಒಂದೇ: ಗೆ, ಕ್ಕೆ. ಕೂಗಿಸುವವರು ಹೆಸರಿಗೆ ಅದನ್ನು ಹಚ್ಚಿ ನಿಲ್ಲಿಸುತ್ತಾರೆ. ಜಯವೋ ಧಿಕ್ಕಾರವೋ ಎಂಬ ತೀರ್ಪು ಹೇಳುವುದು ಹಿಂದಿನ ಸಾಲು. ಈ ಕಟ್ಟು ಹೋರಾಟದವರು ಹುಟ್ಟಿಸಿದ್ದಲ್ಲ. 'ಹರ ನಮಃ ಪಾರ್ವತೀಪತಯೇ' ಎಂದೊಬ್ಬರು ಅಂದಾಗ ಇಡೀ ಮದುವೆ ಮಂಟಪ 'ಹರ ಹರ ಮಹಾದೇವ' ಎನ್ನುತ್ತದೆ. ಮಾದಪ್ಪನ ಬೆಟ್ಟದಲ್ಲಿ 'ಉಘೇ ಉಘೇ', ಎಲ್ಲಮ್ಮನ ಗುಡ್ಡದಲ್ಲಿ 'ಉಧೋ ಉಧೋ'. ತೇರು ಎಳೆಯಲು, ಬೆಟ್ಟ ಹತ್ತಲು ಉಸಿರು ಕೊಟ್ಟ ಕೂಗುಗಳಿವು. ಧರಣಿಗೆ ಕೂತವರ ಗಂಟಲಿಗೆ ಆ ದಾರಿ ಮೊದಲೇ ಗೊತ್ತಿತ್ತು. 'ಧಿಕ್ಕಾರ'ದ ಬಗ್ಗೆ ಇನ್ನೊಂದು ಮಾತು. ಉರ್ದುವಿನ 'ಮುರ್ದಾಬಾದ್' ಎದುರಿನವರ ಸಾವನ್ನು ಬಯಸುತ್ತದೆ. 'ಧಿಕ್' ಎಂದರೆ 'ಛೀ' ಎಂದಷ್ಟೇ. ಎಷ್ಟು ಸಿಟ್ಟು ಬಂದರೂ ನಮ್ಮವರು ಕೂಗುವುದು 'ನಿಮಗೆ ನಾಚಿಕೆಯಾಗಬೇಕು' ಎಂದು. ಈ ಪದವನ್ನು ನಾವು ಬಿಟ್ಟುಕೊಡಬಾರದು ಎಂದು ನನಗೆ ಮನಸಾರೆ ಅನ್ನಿಸುತ್ತದೆ.

ಏಸೂರು ಕೊಟ್ಟರೂ

ಹುಡುಗಿಯ ಪ್ರಶ್ನೆ ಹಿಡಿದುಕೊಂಡು ಯೋಚಿಸುವಾಗ ಮನಸ್ಸು ಹೋಗಿ ನಿಂತದ್ದು ಈಸೂರಿನಲ್ಲಿ. ಶಿಕಾರಿಪುರ ತಾಲ್ಲೂಕಿನ ಊರು, ನಮ್ಮ ಶಿವಮೊಗ್ಗ ಜಿಲ್ಲೆಯದೇ. 1942ರ ಚಲೇಜಾವ್ ಚಳವಳಿಯ ಸಮಯದಲ್ಲಿ ಊರವರು ತಮ್ಮ ಊರು ಸ್ವತಂತ್ರ ಎಂದರು, ಧ್ವಜ ಏರಿಸಿದರು. ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ಇಬ್ಬರು ಹುಡುಗರನ್ನು ನೇಮಿಸಿದರು. ಸೆಪ್ಟೆಂಬರಿನಲ್ಲಿ ನಡೆದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಇದೆಲ್ಲ ಇಲ್ಲಿಯ ಮಕ್ಕಳಿಗೂ ಗೊತ್ತು. ನಾನು ಹೇಳಹೊರಟದ್ದು 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಅವರ ಮಾತಿನ ಬಗ್ಗೆ.

ಏಸು ಎಂದರೆ ಎಷ್ಟು. ಏಸು ಊರು, ಏಸೂರು. ಎಷ್ಟು ಊರು ಕೊಟ್ಟರೂ ಈ ಊರನ್ನು ಕೊಡುವುದಿಲ್ಲ. ಈಸೂರಿನ ಹೆಸರಿನೊಳಗೇ 'ಈ' ಇದೆ, ಬೆರಳು ಮಾಡಿ ನೆಲ ತೋರಿಸಿದ ಹಾಗೆ. ಇನ್ನು 'ಕೊಡೆವು' ಎಂಬ ರೂಪ. ಬರವಣಿಗೆಯ ಕನ್ನಡದಲ್ಲಿ 'ಕೊಡುವುದಿಲ್ಲ' ಎನ್ನುತ್ತೇವೆ, ಮಾತಿನಲ್ಲಿ 'ಕೊಡಲ್ಲ'. 'ಕೊಡೆವು' ಹಳೆಯ ನಿಷೇಧರೂಪ. ಅದಕ್ಕೆ ಕಾಲವೇ ಇಲ್ಲ. ಹಿಂದೆಯೂ ಕೊಡಲಿಲ್ಲ, ಈಗಲೂ ಕೊಡುವುದಿಲ್ಲ, ಮುಂದೆಯೂ ಕೊಡುವವರಲ್ಲ, ಮೂರೂ ಅದರಲ್ಲಿದೆ. ಜತೆಗೆ 'ನಾವು' ಎಂದು ಬಿಡಿಸಿ ಹೇಳುವ ಅಗತ್ಯವೂ ಇಲ್ಲ, ಕೊನೆಯ 'ಎವು'ವಿನಲ್ಲಿ ಇಡೀ ಊರು ನಿಂತಿದೆ. ಎಂಟನೇ ತರಗತಿಗೆ ನಿಷೇಧಾರ್ಥಕ ಕ್ರಿಯಾಪದ ಕಲಿಸುವಾಗ ನಾನು ಕರಿಹಲಗೆಯ ಮೇಲೆ ಮೊದಲು ಬರೆಯುವುದು ಈ ವಾಕ್ಯವನ್ನೇ. ಮಕ್ಕಳ ಬೆನ್ನು ನೆಟ್ಟಗಾಗುತ್ತದೆ.

ಈಸೂರಿನವರು ಏನು ಮಾಡಿದರು? ಘೋಷಣೆ ಕೂಗಿದರೋ, ಘೋಷಣೆ ಮಾಡಿದರೋ? 'ಸ್ವಾತಂತ್ರ್ಯ ಘೋಷಿಸಿಕೊಂಡ ಊರು' ಎಂದು ಪುಸ್ತಕಗಳು ಬರೆಯುತ್ತವೆ. 'ಏಸೂರು ಕೊಟ್ಟರೂ' ಎಂಬುದು ಅವರ ಘೋಷಣೆ ಎಂದೂ ಅವೇ ಪುಸ್ತಕಗಳು ಬರೆಯುತ್ತವೆ. ಅಧಿಕಾರವಿಲ್ಲದ ಜನ ಅಧಿಕಾರ ಇದ್ದವರ ಹಾಗೆ 'ಮಾಡಿದ' ಕಾರಣಕ್ಕೇ ಅದು ರಾಜದ್ರೋಹವಾಯಿತು. ಬರೀ ಕೂಗಿದ್ದರೆ ಲಾಠಿ ಏಟಿಗೋ ಜೈಲಿಗೋ ಮುಗಿಯುತ್ತಿತ್ತೇನೋ. ಆ ಹುಡುಗಿಯ ವಾಕ್ಯದಲ್ಲಿ ಅಮ್ಮನ ಘೋಷಣೆಯೇ ಸರ್ಕಾರದ ಘೋಷಣೆಯೂ ಆಗಬೇಕು ಎಂಬ ನಿರೀಕ್ಷೆ ಇತ್ತಲ್ಲ, ಅದಕ್ಕೆ ಇಲ್ಲಿ ಅಜ್ಜಂದಿರಿದ್ದಾರೆ.

ಮುಂದಿನ ವಾರ ಅವಳನ್ನು ಕರೆದು ಅರ್ಧ ಅಂಕವನ್ನು ಪೂರ್ತಿ ಮಾಡಿಕೊಟ್ಟೆ. 'ನಿನ್ನ ವಾಕ್ಯ ಇದ್ದ ಹಾಗೇ ಇರಲಿ' ಎಂದೆ. ಅವಳು ಅಂಕ ನೋಡಲಿಲ್ಲ. ನಾನು ಎಳೆದ ಕೆಂಪು ಗೆರೆಯನ್ನೇ ನೋಡುತ್ತಿದ್ದಳು.

ಡಿಕ್ಲರೇಷನ್

ಸಾಗರದ ಕಡೆಯ ಹಳಬರಿಗೆ 'ಡಿಕ್ಲರೇಷನ್' ಎಂಬ ಪದ ಯಾರೂ ಬಿಡಿಸಿ ಹೇಳಬೇಕಿಲ್ಲ. 'ಅವರ ಗದ್ದೆ ಡಿಕ್ಲರೇಷನ್‌ನಲ್ಲಿ ಬಂದದ್ದು', 'ನಿಮ್ಮಜ್ಜ ಡಿಕ್ಲರೇಷನ್ ಹಾಕಿದ್ರು' ಎಂದು ಇಂದಿಗೂ ಹೇಳುತ್ತಾರೆ. ಕರಾವಳಿಯಲ್ಲೂ ಹಾಗೆಯೇ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿ ಒಕ್ಕಲುಗಳು ತಾವು ಉಳುವ ನೆಲಕ್ಕೆ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಅದೇ ಡಿಕ್ಲರೇಷನ್. ಇಂಗ್ಲಿಷಿನ ಆ ಪದಕ್ಕೆ ಕನ್ನಡ ನಿಘಂಟಿನಲ್ಲಿ ಎದುರಿಗಿರುವುದು ಘೋಷಣೆ. ಇದು ನನಗೆ ಹೊಳೆದದ್ದು ಆ ಹುಡುಗಿಯ ಪತ್ರಿಕೆಯ ನಂತರ. ಅಷ್ಟು ವರ್ಷ ಮನೆಯಲ್ಲಿ ಕೇಳುತ್ತಿದ್ದ ಪದ ಅದು!

ಅದಕ್ಕೂ ಇಪ್ಪತ್ತಮೂರು ವರ್ಷ ಹಿಂದೆ, 1951ರಲ್ಲಿ, ಅದೇ ಜನ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಕೂಗಿದ್ದರು. ಗೇಣಿ ಅಳೆಯುವ ಕೊಳಗ ದೊಡ್ಡದೋ ಸಣ್ಣದೋ ಎಂಬಲ್ಲಿಂದ ಶುರುವಾದ ಜಗಳ ಸತ್ಯಾಗ್ರಹವಾಗಿ, ಎಚ್. ಗಣಪತಿಯಪ್ಪನವರು ಒಕ್ಕಲುಗಳನ್ನು ಒಟ್ಟುಮಾಡಿ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಸೇರಿ, ಅದೇ ಪಕ್ಷದ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಸೆರೆಯಾಗುವ ಮಟ್ಟಕ್ಕೆ ಹೋಯಿತು. ಆ ಹೋರಾಟದ ಜತೆ ಬೆಸೆದುಕೊಂಡ ಮಾತು 'ಉಳುವವನೇ ಹೊಲದೊಡೆಯ'. ನನ್ನ ಅಜ್ಜ ಆಗ ಇಪ್ಪತ್ತೈದರ ಆಸುಪಾಸಿನ ಒಕ್ಕಲು. 'ನಮ್ಮಲ್ಲಿ ಹೊಲ ಎಲ್ಲಿತ್ತು, ಇದ್ದದ್ದೆಲ್ಲ ಗದ್ದೆ. ಆದರೂ ಹೊಲ ಅಂತಲೇ ಕೂಗಿದ್ವಿ' ಎನ್ನುತ್ತಿದ್ದ. ಗದ್ದೆ ಎಂದರೆ ಕೂಗಿಗೆ ಒದಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಅವನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದದ್ದು 'ಒಡೆಯ' ಎಂಬ ಪದವಂತೆ. ಅದು ಅವರು ಭೂಮಾಲೀಕರ ಅಂಗಳದಲ್ಲಿ ತಲೆ ತಗ್ಗಿಸಿ ನಿಂತು 'ಒಡೆಯಾ' ಎಂದು ಕರೆಯುತ್ತಿದ್ದ ಪದ. ಅದೇ ಪದವನ್ನು ತಮಗೆ ಹಚ್ಚಿಕೊಂಡು ರಸ್ತೆಯಲ್ಲಿ ಕೂಗುವಾಗ ಮೊದಮೊದಲು ದನಿ ಏಳುತ್ತಿರಲಿಲ್ಲ, ಆಮೇಲೆ ಇಳಿಯಲೇ ಇಲ್ಲ ಎಂದು ಹೇಳುತ್ತಿದ್ದ.

ಆ ವಾಕ್ಯವನ್ನು ಒಮ್ಮೆ ನಿಧಾನವಾಗಿ ನೋಡಿ. ಕ್ರಿಯಾಪದವೇ ಇಲ್ಲ. 'ಉಳುವವನು ಒಡೆಯನಾಗಲಿ' ಎಂಬ ಹಾರೈಕೆಯಾಗಲಿ, 'ಒಡೆಯನಾಗಬೇಕು' ಎಂಬ ಬೇಡಿಕೆಯಾಗಲಿ ಅದರಲ್ಲಿಲ್ಲ. ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟು, ಮೊದಲನೆಯದಕ್ಕೆ ಒಂದು 'ಏ' ಸೇರಿಸಿದರೆ ಕನ್ನಡದಲ್ಲಿ ವಾಕ್ಯ ಪೂರ್ತಿಯಾಯಿತು. ಇವನೇ ಅವನು. ಇರುವ ಸಂಗತಿಯನ್ನು ಹೇಳಿದ ಹಾಗೆ. ಕಾನೂನು ಇನ್ನೂ ಇರಲಿಲ್ಲ, ಪಹಣಿಯಲ್ಲಿ ಹೆಸರಿರಲಿಲ್ಲ. ಆದರೆ ವಾಕ್ಯ ಆಗಲೇ ಆಗಿಹೋಗಿತ್ತು. ಕೂಗಿದ್ದೇ ಆದರೂ ಅದು ಮಾಡಿದ ಘೋಷಣೆಯ ಹಾಗೆ ಇತ್ತು. ಸರ್ಕಾರ ತಡವಾಗಿ, ಫಾರಂ ಅಚ್ಚುಹಾಕಿಸಿ, ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ ಮಾಡಿ, ಆ ವಾಕ್ಯದ ಹಿಂದೆ ಬಂತು.

ಅಜ್ಜ ತೀರಿಕೊಂಡದ್ದು 1996ರಲ್ಲಿ. ಪೌತಿ ಖಾತೆ ಮಾಡಿಸಬೇಕೆಂದು ಅಪ್ಪ, ಚಿಕ್ಕಪ್ಪ ಜಗಲಿಯಲ್ಲಿ ಕೂತು ಅಜ್ಜನ ಕಬ್ಬಿಣದ ಟ್ರಂಕು ತೆಗೆದರು. ಗೇಣಿ ಚೀಟಿಗಳು, ಕಂದಾಯದ ರಸೀದಿಗಳು, ಅವುಗಳ ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ಡಿಕ್ಲರೇಷನ್ನಿನ ನಕಲು. ಮಡಿಕೆಯ ಗೆರೆಗಳಲ್ಲಿ ಕಾಗದ ಜಾಳಾಗಿತ್ತು. ಅಜ್ಜಿ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದಳು. ಓದು ಬಾರದವಳು. 'ಓದು ನೋಡನ ಮಗಾ, ಎಂತ ಬರ್ದಾರೆ' ಎಂದಳು. ಓದಿದೆ. ಗೇಣಿದಾರನ ಹೆಸರು, ಅವನ ತಂದೆಯ ಹೆಸರು, ಊರು, ಸರ್ವೆ ನಂಬರ್, ಎಕರೆ ಗುಂಟೆ. ಅಜ್ಜಿ ಕತ್ತರಿ ನಿಲ್ಲಿಸಿ ಕೇಳಿದಳು. ಮುಗಿದ ಮೇಲೆಯೂ ಕಾದಳು. 'ಅಷ್ಟೇನಾ?' 'ಅಷ್ಟೇ ಅಜ್ಜಿ.' 'ನಂದು?'

ಚಿಕ್ಕಪ್ಪ 'ಆಗ ಗಂಡಸ್ರ ಹೆಸ್ರಲ್ಲೇ ಅಲ್ವನೇ ಅವ್ವ ಹಾಕದು' ಎಂದ. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಗದ್ದೆಯಲ್ಲಿ ಸಸಿ ಕಿತ್ತವಳು, ಕೆಸರಲ್ಲಿ ಬೆನ್ನು ಬಗ್ಗಿಸಿ ನಟ್ಟಿ ಮಾಡಿದವಳು, ಕಳೆ ಕಿತ್ತವಳು, ಕೊಯ್ದವಳು ಅವಳು. ಉಳುವುದೊಂದನ್ನು ಬಿಟ್ಟು ಎಲ್ಲವೂ. ಹೆಂಗಸು ನೇಗಿಲು ಮುಟ್ಟುವುದು ನಮ್ಮಲ್ಲಿ ಕೂಡದು. ಕೊನೆಗೆ ಅಜ್ಜಿ ಅಂದಳು: 'ಹೌದು. ಉಳುವವನೇ ಅಂತಲೇ ಕೂಗಿದ್ದು. ನಾನೂ ಕೂಗಿದೀನಿ, ಇವನನ್ನ ಸೊಂಟದಲ್ಲಿ ಇಟ್ಕಂಡು.' ಗಲ್ಲ ಎತ್ತಿ ಅಪ್ಪನನ್ನು ತೋರಿಸಿದಳು. 'ಕೂಗ ಹೊತ್ತಿಗೆ ಅದು ಗೊತ್ತಾಗ್ಲಿಲ್ಲ ಕಾಣು.'

ಗ್ರಾಮಲೆಕ್ಕಿಗರು ಬಂದು ವಾರಸುದಾರರ ಹೆಸರು ಬರೆದುಕೊಂಡು ಹೋದರು. ಅಪ್ಪ ಹಠ ಹಿಡಿದು ಅಜ್ಜಿಯ ಹೆಸರನ್ನೇ ಮೊದಲು ಬರೆಸಿದರು. ಹೆಬ್ಬೆಟ್ಟಿಗೆ ಹತ್ತಿದ ಮಸಿಯನ್ನು ಅಜ್ಜಿ ಬಚ್ಚಲಲ್ಲಿ ಬೂದಿ ಹಾಕಿ ಉಜ್ಜುತ್ತಿದ್ದಾಗ ನಾನು ಪಕ್ಕದಲ್ಲಿ ನಿಂತು ನೀರು ಹೊಯ್ಯುತ್ತಿದ್ದೆ. 'ಅಜ್ಜಿ, ಉಳುವವನು ನೆಡುವವಳು ಅಂತ ಎರಡೂ ಸೇರಿಸಿ ಕೂಗಿದ್ರೆ?' ಎಂದೆ. ಅವಳು ಉಜ್ಜುವುದನ್ನು ನಿಲ್ಲಿಸಿದಳು. 'ಉಳುವವನೇ, ನೆಡುವವಳೇ, ಹೊಲದ...' ಎಂದು ಮೆಲ್ಲಗೆ, ಬಾಯೊಳಗೇ ಹೇಳಿ ನೋಡಿದಳು. ಕೊನೆಗೆ ಬರುವಾಗ ಉಸಿರು ಕಟ್ಟಿತು, ತಾಳ ಕೂಡಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮತ್ತೆ ಮೊದಲಿಂದ ಶುರುಮಾಡಿದಳು.